ಮದುಮಗನ ವಿಡಿಯೋ ಅಲುಗಾಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಆ ಹೆಂಗಸು ಬದುಕಿದ್ದಾಳೆ. ಮೃದು ಹೃದಯದವರು ಗಾಬರಿಯಾಗಬೇಕಿಲ್ಲ. ಬಲಗಡೆಯ ಶ್ವಾಸಕೋಶದ ಅರ್ಧ ಭಾಗ ಈಗ ಆಕೆಯ ಉಪಯೋಗಕ್ಕೆ ಬರುವುದಿಲ್ಲ, ಅಷ್ಟೇ. ಅದು ಹಾಳಾಗುತ್ತಿದ್ದ ಮೂರು ತಿಂಗಳೂ ನಾನು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕುರ್ಚಿಯ ಮೇಲೆ ಕೂತು, ಆಕೆಯ ಗಂಡ ನಾಲಿಗೆಯಡಿ ಮಾತ್ರೆ ಬಚ್ಚಿಟ್ಟಿಲ್ಲ ತಾನೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ಬಚ್ಚಿಟ್ಟಿರಲಿಲ್ಲ. ಒಂದು ದಿನವೂ ಬಚ್ಚಿಟ್ಟಿರಲಿಲ್ಲ. ಅದಕ್ಕೆ ದಾಖಲೆ ಇದೆ, ಬೇಕಾದವರಿಗೆ ತೋರಿಸುತ್ತೇನೆ.

ನಾನು ಎದೆರೋಗದ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತಮೂರು ವರ್ಷದ ಸೇವೆ. ಅದರಲ್ಲಿ ಇಪ್ಪತ್ತೊಂದು ವರ್ಷ ನಡೆದದ್ದು, ಉಳಿದ ಎರಡು ವರ್ಷ ಕೂತದ್ದು. ಟಿಬಿ ಬಂದವರು ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕು. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ನಿಲ್ಲುತ್ತದೆ, ಕೆನ್ನೆ ತುಂಬಿಕೊಳ್ಳುತ್ತದೆ, ಮನುಷ್ಯ ತನಗೆ ವಾಸಿಯಾಯಿತೆಂದು ತಾನೇ ತೀರ್ಪು ಕೊಟ್ಟುಕೊಂಡು ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಾನೆ. ಆಮೇಲೆ ಕಾಯಿಲೆ ಮೊದಲಿಗಿಂತ ಮೊಂಡಾಗಿ ವಾಪಸು ಬರುತ್ತದೆ. ಹಾಗಾಗಿ ಯಾರಾದರೂ ಎದುರು ನಿಂತು ನುಂಗಿಸಬೇಕು. ಆ ಯಾರೋ ನಾನಾಗಿದ್ದೆ. ಮನೆಮನೆಗೆ ಹೋಗಿ, ಮೆಟ್ಟಿಲು ಹತ್ತಿ, ನಾಯಿಗಳಿಂದ ಬೊಗಳಿಸಿಕೊಂಡು, "ಎಲ್ಲಿ, ಬಾಯಿ ಬಿಡಿ" ಎಂದು ನಿಲ್ಲುತ್ತಿದ್ದೆ. ಜನ ಬಾಯಿ ಬಿಡುತ್ತಿದ್ದರು. ಬಿಟ್ಟ ಮೇಲೆ ಮುಚ್ಚುತ್ತಿರಲಿಲ್ಲ. ಸೊಸೆಯ ಮೇಲಿನ ದೂರು, ಮನೆ ಮಾಲೀಕನ ಕಿರಿಕಿರಿ, ಮಗಳ ಪರೀಕ್ಷೆ, ಪಕ್ಕದ ಮನೆಯ ತಾತನ ಉಬ್ಬಸ, ಎಲ್ಲವನ್ನೂ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಎಷ್ಟೊಂದು ಸಮಯ ದಂಡ!

ಆ ದಂಡವನ್ನು ತಪ್ಪಿಸಲೆಂದೇ ಬಂದವರು ನಮ್ಮ ಹೊಸ ಮೇಲಧಿಕಾರಿ. ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇದೆ, ಆದರೆ ಆಸ್ಪತ್ರೆಯಲ್ಲಿ ಅದನ್ನು ಬಳಸಿದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಶೇಕಡಾ ಸಾಹೇಬರು. ಹೇಗಿದ್ದೀರಿ ಸಾರ್ ಎಂದರೆ "ತೊಂಬತ್ತಾರೂವರೆ" ಎನ್ನುವ ಜಾತಿ.

ಬಂದ ಮೊದಲ ವಾರವೇ ನನ್ನನ್ನು ಕರೆಸಿದರು. "ಸಿಸ್ಟರ್, ದಿನಕ್ಕೆ ಎಷ್ಟು ಮನೆಗೆ ಹೋಗ್ತೀರಿ?"

"ಹದಿನಾಲ್ಕು ಸಾರ್. ಮಂಡಿ ನೋವು ಜಾಸ್ತಿ ಇದ್ರೆ ಹನ್ನೆರಡು."

"ಕೂತ ಜಾಗದಲ್ಲೇ ಅರವತ್ತು ಜನಾನ ನೋಡಬಹುದು ಅಂದ್ರೆ? ಮಂಡಿಗೂ ಕೆಲಸ ಇಲ್ಲ."

ಉಳಿದ ನರ್ಸುಗಳು ಒಂದಿಷ್ಟು ಗೊಣಗಿದರು. ನಾನು ಮಾತ್ರ ಮಂಡಿ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಒಪ್ಪಿಕೊಂಡೆ. ಸುಳ್ಳು ಯಾಕೆ ಹೇಳಲಿ?

ವ್ಯವಸ್ಥೆ ಬಲು ಸರಳ. ರೋಗಿ ದಿನಾ ತನ್ನ ಫೋನಿನಲ್ಲಿ ತಾನು ಮಾತ್ರೆ ನುಂಗುವ ವಿಡಿಯೋ ತೆಗೆದು ಕಳಿಸಬೇಕು. ಮುಖ ಕಾಣಬೇಕು, ಅಂಗೈಯಲ್ಲಿ ಮಾತ್ರೆಗಳು ಕಾಣಬೇಕು, ಬಾಯಿಗೆ ಹಾಕಿಕೊಳ್ಳಬೇಕು, ನೀರು ಕುಡಿಯಬೇಕು, ಗಂಟಲು ಅಲುಗಾಡಬೇಕು, ಬಾಯಿ ಅಗಲಿಸಬೇಕು, ನಾಲಿಗೆ ಎತ್ತಿ ತೋರಿಸಬೇಕು. ನನ್ನ ಪರದೆಯ ಮೇಲೆ ಈ ಏಳಕ್ಕೂ ಒಂದೊಂದು ಚೌಕ, ಜೊತೆಗೆ ಎಂಟನೆಯದು "ದೃಶ್ಯ ಸ್ಥಿರವಾಗಿದೆ" ಎಂಬುದಕ್ಕೆ. ಎಂಟಕ್ಕೂ ಟಿಕ್ ಬಿದ್ದರೆ ರೋಗಿಯ ನಂಬರು ಹಸಿರಾಗುತ್ತದೆ, ಅವನ ಫೋನಿಗೆ ನನ್ನ ಫೋಟೋದ ಪಕ್ಕದಲ್ಲಿ "ಉತ್ತಮ! ಹೀಗೆಯೇ ಮುಂದುವರಿಸಿ" ಎಂಬ ಸಂದೇಶ ತಾನಾಗಿಯೇ ಹೋಗುತ್ತದೆ. ಮಾತ್ರೆ ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ. ರೋಗಿ ಆಸ್ಪತ್ರೆಗೆ ಬರುವಂತಿಲ್ಲ, ನಾವು ರೋಗಿಯ ಮನೆಗೆ ಹೋಗುವಂತಿಲ್ಲ. ಪರಸ್ಪರ ಮುಖ ನೋಡದೆ ವಾಸಿ ಮಾಡುವ ಇಷ್ಟು ಚೊಕ್ಕದ ವಿಧಾನ ಹಿಂದೆ ಯಾರಿಗೂ ಹೊಳೆದಿರಲಿಲ್ಲ.

ಒಂದೇ ಕೋಣೆಯಲ್ಲಿ ನಾವು ಮೂವರು ನರ್ಸುಗಳು. ಮೂವರ ಪರದೆಯಲ್ಲೂ ಒಟ್ಟೊಟ್ಟಿಗೆ ಜನ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದರು, ಅವರ ಹಿಂದೆ ಟಿವಿ, ಕುಕ್ಕರು, ಜಗಳ, ಮಗುವಿನ ಅಳು. ಮೊದಲ ವಾರ ಸಂತೆಯಲ್ಲಿ ಕೂತ ಹಾಗಿತ್ತು. ಶೇಕಡಾ ಸಾಹೇಬರು ಬಾಗಿಲಲ್ಲಿ ನಿಂತು ಎರಡು ನಿಮಿಷ ಕೇಳಿದರು.

"ಧ್ವನಿ ಯಾಕೆ? ನುಂಗೋದು ನೋಡೋ ವಿಷಯ, ಕೇಳೋ ವಿಷಯ ಅಲ್ಲ."

ಅಂದೇ ಮೂರೂ ಸ್ಪೀಕರುಗಳು ಬೀರುವಿಗೆ ಹೋದವು, ಬೀರುವಿಗೆ ಬೀಗ ಬಿತ್ತು, ಬೀಗದ ಕೈ ಹಿರಿಯಳೆಂದು ನನ್ನ ಸೊಂಟಕ್ಕೆ ಬಂತು. ಕೋಣೆ ತಣ್ಣಗಾಯಿತು. ಧ್ವನಿ ಇಲ್ಲದ ಮೇಲೆ ಇದ್ದ ವೇಗದಲ್ಲೇ ಯಾಕೆ ನೋಡಬೇಕು ಎಂದು ನಮ್ಮಲ್ಲೇ ಒಬ್ಬಳು ಕಂಡುಹಿಡಿದಳು. ದುಪ್ಪಟ್ಟು ವೇಗದಲ್ಲಿ ಅರವತ್ತು ಜನ ಊಟದ ಹೊತ್ತಿಗೆ ಮುಗಿದುಹೋಗುತ್ತಿದ್ದರು. ಮಧ್ಯಾಹ್ನ ನಾವು ಕಾಲು ಚಾಚಿ ಕೂತು, ನಡೆದಾಡುತ್ತಿದ್ದ ಕಾಲದ ಕಷ್ಟಗಳನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದೆವು.

ನನ್ನ ಕಣ್ಣು ಚುರುಕು ಎಂದು ಹೆಸರಾಯಿತು. ಹೆಸರಾಗಬೇಕಾದ್ದೇ. ದವಡೆಯಲ್ಲಿ ಬಿದ್ದುಹೋದ ಹಲ್ಲಿನ ಜಾಗದಲ್ಲಿ ಮಾತ್ರೆ ಇಟ್ಟುಕೊಳ್ಳುತ್ತಿದ್ದ ಲಾರಿ ಡ್ರೈವರನ್ನು ಹಿಡಿದವಳು ನಾನು. ಮಾತ್ರೆಯ ಬದಲು ಪೆಪ್ಪರ್‌ಮಿಂಟ್ ನುಂಗುತ್ತಿದ್ದ ಗಣಿತದ ಮೇಷ್ಟ್ರನ್ನು ಹಿಡಿದವಳೂ ನಾನೇ. ಮಾತ್ರೆ ನುಂಗಿದವರು ಮುಖ ಸಿಂಡರಿಸುತ್ತಾರೆ, ಆ ಮಹಾಶಯರು ಚಪ್ಪರಿಸುತ್ತಿದ್ದರು. ಒಬ್ಬ ಅಜ್ಜಿ ಮೂರು ವಾರ ಮನೆಯ ಚಾವಣಿಯ ವಿಡಿಯೋ ಕಳಿಸಿದಾಗ, ಅವರು ಫೋನು ತಿರುಗಾಮುರುಗ ಹಿಡಿದಿದ್ದಾರೆಂದು ಪತ್ತೆ ಮಾಡಿದೆ. ನನ್ನ ಕಣ್ಣು ತಪ್ಪಿಸುವವರು ಯಾರಿದ್ದಾರೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇಂಥವರ ನಡುವೆ ಬಂದವರು ಮದುಮಗ.

ಅವರ ಕಸುಬು ಹಾಸಿಗೆ ಮಾಡುವುದು. ಹತ್ತಿ ಬಿಡಿಸಿ, ತುಂಬಿ, ಹೊಲಿದು ಕೊಡುತ್ತಿದ್ದರು. ವಯಸ್ಸು ಐವತ್ತೈದರ ಆಸುಪಾಸು. ಸೇರಿಸಿಕೊಂಡ ದಿನ ಅರ್ಧ ಗಂಟೆ ಕೂರಿಸಿ ನಾನೇ ಎಲ್ಲ ಕಲಿಸಿದ್ದೆ. ಹೇಳಿದ್ದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಮರುದಿನದಿಂದ ಬಂದ ವಿಡಿಯೋ ನೋಡಬೇಕಿತ್ತು ನೀವು. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಹಿಂದೆ ಹಸಿರು ಗೋಡೆ. ಕೈ ಮುಗಿಯುವುದು, ಏನೋ ಎರಡು ಮಾತಾಡುವುದು, ಅಂಗೈಯಲ್ಲಿ ಮಾತ್ರೆ ತೋರಿಸುವುದು, ಬಾಯಿಗೆ ಹಾಕಿಕೊಳ್ಳುವುದು, ನಾಲಿಗೆಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಹೊರಳಿಸಿ ತೋರಿಸುವುದು. ಕೊನೆಗೆ ಮತ್ತೆ ಕೈ ಮುಗಿದು ಇನ್ನೆರಡು ಮಾತು. ಫೋಟೋಗೆ ಕೂತ ಗಂಡಿನ ಗತ್ತು ನೋಡಿ ನಾವು ಮೂವರೂ ಅವರಿಗೆ ಮದುಮಗ ಎಂದೇ ಹೆಸರಿಟ್ಟೆವು. ಮದುಮಗ ಎಂದ ಮೇಲೆ ಮನೆಯಲ್ಲಿ ಹೆಂಡತಿಯೊಬ್ಬಳು ಇರಬೇಕಲ್ಲ, ಫೋನು ಹಿಡಿಯುತ್ತಿರುವುದು ಆಕೆಯೇ ಅಲ್ಲವೇ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೆಂಡತಿಯನ್ನು ನಾವು ಪೂರ್ತಿ ಮರೆತಿದ್ದೆವು ಎಂದರೆ ಅನ್ಯಾಯವಾದೀತು. ಗಂಡನನ್ನು ಸೇರಿಸಿಕೊಂಡ ವಾರವೇ ಆಕೆಯನ್ನೂ ಕರೆಸಿ ಎಕ್ಸ್-ರೇ ತೆಗೆಸಿದ್ದೆವು. ಆಗ ಎದೆ ಸ್ವಚ್ಛವಾಗಿತ್ತು. "ಮನೆಯವರ ತಪಾಸಣೆ" ಎಂಬ ಕಾಲಂ ತುಂಬಿತು. ತುಂಬಿದ ಕಾಲಮ್ಮನ್ನು ಮತ್ತೆ ತೆರೆದು ನೋಡುವ ಪದ್ಧತಿ ನಮ್ಮಲ್ಲಿಲ್ಲ.

ಎಪ್ಪತ್ತು ದಿನ ಮದುಮಗ ಹಸಿರಾಗಿಯೇ ಇದ್ದರು. ಆಮೇಲೆ ಒಂದು ದಿನ ವಿಡಿಯೋ ನಡುವೆ ಒಮ್ಮೆ ಕುಲುಕಿತು. ಎರಡು ದಿನ ಬಿಟ್ಟು ಮತ್ತೆ. ಇನ್ನೊಂದು ವಾರದಲ್ಲಿ ಮಾತ್ರೆ ಬಾಯಿಗೆ ಹೋಗುವ ಹೊತ್ತಿಗೆ ಹಸಿರು ಗೋಡೆ ಮೇಲೆ ಕೆಳಗೆ ಹಾರುತ್ತಿತ್ತು, ಮದುಮಗನ ಮೂಗು ಪರದೆಯಿಂದಾಚೆ ಹೋಗಿ ಬರುತ್ತಿತ್ತು. ಪಾಪ, ಅವರು ನುಂಗುವುದನ್ನು ನಿಲ್ಲಿಸಿ, ಫೋನಿನ ಮೇಲುಗಡೆಗೆ ಎಲ್ಲೋ ನೋಡಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಎಂಟನೆಯ ಚೌಕಕ್ಕೆ ಟಿಕ್ ಹಾಕಲು ಕೆಲವು ದಿನ ಮನಸ್ಸು ಬರಲಿಲ್ಲ. ಹಸಿರು ಹೋಗಿ ಹಳದಿಯಾಯಿತು.

ಹಳದಿ ಎಂದರೆ ಶೇಕಡಾ ಸಾಹೇಬರಿಗೆ ಕಾಮಾಲೆ ಬಂದಷ್ಟೇ ಸಂಕಟ. "ಮದುಮಗನಿಗೆ ಏನಾಯ್ತು ಸಿಸ್ಟರ್? ನಿಮ್ಮ ಪಟ್ಟಿ ನೂರಕ್ಕೆ ನೂರು ಇತ್ತಲ್ಲ!"

"ವಿಡಿಯೋ ಅಲುಗಾಡ್ತಿದೆ ಸಾರ್."

"ಹೇಳಿ ಅವರಿಗೆ."

ಹೇಳಿದೆ. ಫೋನು ಮಾಡಲಿಲ್ಲ; ಫೋನು ಮಾಡುವ ಪದ್ಧತಿ ಇರಲಿಲ್ಲ. ಸಿದ್ಧವಾಗಿದ್ದ ಸಂದೇಶಗಳಲ್ಲಿ ಹದಿನಾಲ್ಕನೆಯದನ್ನು ಒತ್ತಿದೆ: "ದೃಶ್ಯ ಅಲುಗಾಡುತ್ತಿದೆ. ದಯವಿಟ್ಟು ಫೋನನ್ನು ಸ್ಥಿರವಾಗಿ ಹಿಡಿಯಿರಿ." ಮೂರು ಸಲ ಒತ್ತಿದೆ. ಸ್ಥಿರವಾಗಲಿಲ್ಲ. ಆಗ ನನಗೆ ಒಂದು ಉಪಾಯ ಹೊಳೆಯಿತು ನೋಡಿ. ಈ ಉಪಾಯ ಯಾರದೆಂದು ಆಮೇಲೆ ಬಹಳ ಜನ ಕೇಳಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ, ನನ್ನದೇ. ರೋಗಿಗಳಿಗೆ ಫೋನಿನ ಸ್ಟ್ಯಾಂಡು ಕೊಟ್ಟರೆ ಹೇಗೆ ಎಂದು ಒಂದು ಹಾಳೆ ಬರೆದು ಕೊಟ್ಟೆ. ಶೇಕಡಾ ಸಾಹೇಬರು ಆ ಹಾಳೆಯನ್ನು ಸಭೆಯಲ್ಲಿ ಓದಿಸಿದರು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ನನಗೆ ಚಪ್ಪಾಳೆ ಬಿತ್ತು. ಹದಿನೈದು ದಿನದೊಳಗೆ ಮಾತ್ರೆಯ ಪೊಟ್ಟಣದ ಜೊತೆಗೆ ಮೂರು ಕಾಲಿನ ಒಂದು ಸ್ಟ್ಯಾಂಡು ಮದುಮಗನ ಮನೆ ತಲುಪಿತು. ತೊಂಬತ್ತೆಂಟನೇ ದಿನ ಹಸಿರು ಗೋಡೆ ಬಂಡೆಯ ಹಾಗೆ ನಿಂತಿತ್ತು. ಎಂಟು ಟಿಕ್. ಉತ್ತಮ, ಹೀಗೆಯೇ ಮುಂದುವರಿಸಿ.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಬ್ಬ ಹೆಂಗಸು ಕೆಮ್ಮಿ ಕೆಮ್ಮಿ ಕೈ ನಡುಗಿಸುತ್ತಿದ್ದರೆ, ನಾನು ಆ ಕೈಯನ್ನೇ ಕೆಲಸದಿಂದ ತೆಗೆದುಹಾಕಿ ಸಮಸ್ಯೆ ಬಗೆಹರಿಸಿದ್ದೆ.

ನೂರ ಅರವತ್ತನೇ ದಿನ ನಮ್ಮ ಆಸ್ಪತ್ರೆಯ ಸಭಾಂಗಣದಲ್ಲಿ ದೊಡ್ಡ ಕಾರ್ಯಾಗಾರ. ನಾನಾ ಕಡೆಯ ಎದೆರೋಗದ ವೈದ್ಯರು, ನರ್ಸುಗಳು, ಮೇಲಿನ ಕಚೇರಿಯ ಹಿರಿಯರು, ಒಟ್ಟು ನೂರಿಪ್ಪತ್ತು ಜನ. ಬಾಗಿಲಲ್ಲಿ ಚಹಾ, ಬಿಸ್ಕತ್ತು. ವೇದಿಕೆಯ ಮೇಲೆ ಗೋಡೆಯಷ್ಟು ದೊಡ್ಡ ಪರದೆ. ಮೊದಲ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಮದುಮಗ. ಅವರಿಗೆ ಆದರ್ಶ ರೋಗಿ ಎಂಬ ಪ್ರಮಾಣಪತ್ರ ಕೊಡುವುದಿತ್ತು.

ಶೇಕಡಾ ಸಾಹೇಬರು ಮೈಕು ಹಿಡಿದರು. "ಸಣ್ಣ ಬದಲಾವಣೆಯಿಂದ ಎಂಥ ಫಲಿತಾಂಶ ಬರುತ್ತೆ ಅಂತ ಈಗ ತೋರಿಸ್ತೀನಿ. ಇದು ಸ್ಟ್ಯಾಂಡು ಕೊಡೋಕೆ ಮುಂಚೆ."

ದೀಪ ಆರಿತು. ಸಭಾಂಗಣದ ಯಂತ್ರ ನೋಡಿಕೊಳ್ಳುವವರಿಗೆ ನಮ್ಮ ಕೋಣೆಯ ಪದ್ಧತಿ ಗೊತ್ತಿರಲಿಲ್ಲ. ಅವರು ಧ್ವನಿಯನ್ನು ಪೂರ್ತಿ ಬಿಟ್ಟಿದ್ದರು.

ಪರದೆಯ ಮೇಲೆ ಮದುಮಗ ಕೈ ಮುಗಿದರು. "ನಮಸ್ಕಾರ ಸಿಸ್ಟರ್, ಊಟ ಆಯ್ತಾ?" ಎಂದು ಇಡೀ ಸಭಾಂಗಣ ತುಂಬುವಂತೆ ಕೇಳಿದರು. ಜನ ನಕ್ಕರು. ಆರು ತಿಂಗಳ ಹತ್ತಿರ ದಿನಾ ನೋಡಿದ ಮನುಷ್ಯನ ದನಿಯನ್ನು ನಾನು ಮೊದಲ ದಿನದ ನಂತರ ಆಗಲೇ ಕೇಳಿದ್ದು. ಮಾತ್ರೆ ಬಾಯಿಗೆ ಹೋಗುವಷ್ಟರಲ್ಲಿ ಫೋನಿಗೆ ತೀರಾ ಹತ್ತಿರದಿಂದ ಕೆಮ್ಮು ಎದ್ದಿತು. ಒಂದಲ್ಲ, ಎರಡಲ್ಲ, ತಡೆಯಲು ಹೋದಷ್ಟೂ ಹೆಚ್ಚುವ ಒದ್ದೆ ಕೆಮ್ಮು, ಕೊನೆಗೆ ಕೀರಲು ಉಸಿರು. ಗೋಡೆ ಕುಣಿಯಿತು. ಎರಡು ದಶಕ ಮನೆಮನೆ ಸುತ್ತಿದವಳು ನಾನು. ಆ ಕೆಮ್ಮು ಯಾವುದೆಂದು ನನಗೆ ಯಾವ ಯಂತ್ರವೂ ಹೇಳಬೇಕಿರಲಿಲ್ಲ.

"ಈಗ ಸ್ಟ್ಯಾಂಡು ಕೊಟ್ಟ ಮೇಲೆ," ಎಂದರು ಸಾಹೇಬರು.

ಗೋಡೆ ನಿಂತಿತು. ಮದುಮಗ ನೆಮ್ಮದಿಯಾಗಿ ನುಂಗಿದರು. ಕೆಮ್ಮು ಈಗ ಒಳಗಿನ ಕೋಣೆಯಿಂದ ಬರುತ್ತಿತ್ತು, ದೂರದಿಂದ, ಇನ್ನೂ ಆಳವಾಗಿ.

"ವ್ಯತ್ಯಾಸ ಗಮನಿಸಿದ್ರಾ?"

ಗಮನಿಸಿದೆವು ಎಂದಿತು ಸಭಾಂಗಣ. ಜೀವಮಾನವಿಡೀ ಜನರ ಎದೆಗೆ ಕಿವಿ ಹಚ್ಚಿ ಅನ್ನ ತಿಂದ ನೂರಿಪ್ಪತ್ತು ಮಂದಿ ಆ ಕೆಮ್ಮಿನ ಮೇಲೆಯೇ ಜೋರಾಗಿ ಚಪ್ಪಾಳೆ ತಟ್ಟಿದರು. ಅವರನ್ನು ಬಯ್ಯುವ ಬಾಯಿ ನನಗಿಲ್ಲ. ನಾನೂ ಒಂದು ಸಲ ತಟ್ಟಿದೆ, ರೂಢಿಯ ಬಲ. ಎರಡನೆಯ ಸಲ ಕೈ ಮೇಲೇಳಲಿಲ್ಲ.

ಚಹಾದ ಹೊತ್ತಿಗೆ ಮದುಮಗನೇ ನನ್ನನ್ನು ಹುಡುಕಿಕೊಂಡು ಬಂದರು. ಮುಖ ಊರಗಲ ಅರಳಿತ್ತು.

"ಮನೆಯವರು ಬರಲಿಲ್ವಾ?" ಎಂದೆ.

"ಎಲ್ಲಿ ಸಿಸ್ಟರ್, ಅವಳಿಗೆ ನಾಲ್ಕು ಹೆಜ್ಜೆ ಹಾಕಿದ್ರೆ ಉಸಿರು ಕಟ್ಟುತ್ತೆ. ಆ ಹತ್ತಿ ಧೂಳು ನೋಡಿ. ನಿಮಗೆ ಗೊತ್ತೇ ಇದೆಯಲ್ಲ."

"ನನಗೆ ಗೊತ್ತಾ?"

"ಹೇಳಿದ್ನಲ್ಲ ನಿಮಗೆ." ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಯಾರೋ ಅವರನ್ನು ಫೋಟೋಗೆ ಎಳೆದುಕೊಂಡು ಹೋದರು.

ಶೇಕಡಾ ಸಾಹೇಬರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಹತ್ತಿರ ಹೋಗಿ "ಸಾರ್, ಆ ಕೆಮ್ಮು" ಎಂದೆ.

"ನಿಮಗಾ? ಬಿಸಿನೀರು ಕುಡೀರಿ."

"ವಿಡಿಯೋದಲ್ಲಿ ಸಾರ್. ಅವರ ಹೆಂಡತಿ."

ಅವರು ಒಂದು ಕ್ಷಣ ನಿಜವಾಗಿಯೂ ಯೋಚಿಸಿದರು. "ಆಕೆ ನಮ್ಮ ರೋಗಿ ಅಲ್ವಲ್ಲ ಸಿಸ್ಟರ್. ನಂಬರೇ ಇಲ್ಲ. ನಂಬರಿಲ್ಲದವರನ್ನ ನಾವು ಯಾವ ಪಟ್ಟೀಲಿ ನೋಡೋಣ?" ಬಿಸ್ಕತ್ತು ಮುರಿದು ಲೋಟಕ್ಕೆ ಬಿತ್ತು. ಅವರಿಗೆ ಅದರ ಚಿಂತೆಯಾಯಿತು.

ನಾನು ಮೇಲಿನ ನಮ್ಮ ಕೋಣೆಗೆ ಹೋದೆ. ಬೀರು ತೆಗೆದು, ಧೂಳು ಒರೆಸಿ, ಸ್ಪೀಕರ್ ಜೋಡಿಸಿದೆ. ಮದುಮಗನ ಮೊದಲ ದಿನದಿಂದ ಹಾಕಿಕೊಂಡು ಕೂತೆ, ಈ ಸಲ ಇದ್ದ ವೇಗದಲ್ಲೇ.

"ನಮಸ್ಕಾರ ಸಿಸ್ಟರ್, ಇವತ್ತು ಮೊದಲನೇ ದಿನ. ತಪ್ಪಿದ್ರೆ ಬಯ್ಯಿರಿ." "ನಮಸ್ಕಾರ ಸಿಸ್ಟರ್, ಊಟ ಆಯ್ತಾ? ನಮ್ಮದು ಆಯ್ತು." "ಸಿಸ್ಟರ್, ನಿಮ್ಮ ಮಂಡಿ ನೋವು ಹೇಗಿದೆ? ಹತ್ತಿ ಒಂದಿಷ್ಟು ಬೆಚ್ಚಗೆ ಮಾಡಿ ಕಟ್ಟಿಕೊಳ್ಳಿ." ಸೇರಿಸಿಕೊಂಡ ದಿನ ಕುರ್ಚಿಯಿಂದ ಏಳುವಾಗ ನಾನು ಮಂಡಿ ಒತ್ತಿಕೊಂಡದ್ದನ್ನು ಅವರು ನೆನಪಿಟ್ಟುಕೊಂಡಿದ್ದರು. ಫೋನಿನ ಹಿಂದಿನಿಂದ ಒಂದು ಹೆಣ್ಣುದನಿ ಆಗಾಗ "ಕಾಲರ್ ಸರಿ ಮಾಡ್ಕೊಳ್ರೀ", "ಬೇಗ ನುಂಗಿ, ಒಲೆ ಮೇಲೆ ಇದೆ" ಎನ್ನುತ್ತಿತ್ತು. ಆಕೆ ಒಬ್ಬಳು ಇದ್ದಾಳೆಂದು ತಿಳಿಯಲು ಯಾವ ಪತ್ತೇದಾರಿಯೂ ಬೇಕಿರಲಿಲ್ಲ.

ಎಪ್ಪತ್ತೊಂದನೇ ದಿನ ಮೊದಲ ಕೆಮ್ಮು. ಸಣ್ಣದು, ಕ್ಷಮೆ ಕೇಳುವ ಹಾಗಿತ್ತು. ಆಮೇಲೆ ದಿನಾ.

ಎಂಬತ್ತನಾಲ್ಕನೇ ದಿನ ಮದುಮಗ ಮಾತ್ರೆ ನುಂಗಿ, ನಾಲಿಗೆ ತೋರಿಸಿ, ಕೈ ಮುಗಿಯುವ ಮುಂಚೆ ಫೋನಿನ ಹತ್ತಿರ ಬಗ್ಗಿದರು. "ಸಿಸ್ಟರ್, ಒಂದು ಮಾತು. ನಮ್ಮನೆಯವಳಿಗೂ ಎರಡು ವಾರದಿಂದ ಕೆಮ್ಮು. ಧೂಳಿಗೆ ಅಂತಾಳೆ. ಆಸ್ಪತ್ರೆಗೆ ಸುಮ್ಮಸುಮ್ಮನೆ ಬರಬೇಡಿ ಅಂತ ನೀವು ಬರೆದಿದ್ದೀರಲ್ಲ, ಅದಕ್ಕೆ ಇಲ್ಲೇ ಕೇಳ್ತಿದ್ದೀನಿ. ಕರ್ಕೊಂಡು ಬರಲಾ, ಏನು ಮಾಡಲಿ?"

ಆ ದಿನದ ದಾಖಲೆ ತೆರೆದು ನೋಡಿದೆ. ಅಂದು ಫೋನು ಹೇಗೋ ಹೆಚ್ಚು ಅಲುಗಾಡಿರಲಿಲ್ಲ. ಎಂಟಕ್ಕೆ ಎಂಟು ಟಿಕ್, ನನ್ನ ಕೈಯಿಂದಲೇ. ಹನ್ನೊಂದು ಗಂಟೆ ಆರು ನಿಮಿಷಕ್ಕೆ ಉತ್ತರ ಹೋಗಿತ್ತು. ಉತ್ತಮ! ಹೀಗೆಯೇ ಮುಂದುವರಿಸಿ.

ಎಂಬತ್ತೈದನೇ ದಿನ ಮದುಮಗ ಫೋನಿನ ಮೇಲುಗಡೆ ನೋಡುತ್ತಾ ಹೆಂಡತಿಗೆ ಹೇಳುತ್ತಿದ್ದರು. "ನೋಡು, ಸಿಸ್ಟರೇ ಹೇಳಿದ ಮೇಲೆ ಮುಗೀತು. ಸುಮ್ಮನೆ ಭಯ ಬೀಳಬೇಡ." ಆಮೇಲೆ ನನ್ನ ಕಡೆ ತಿರುಗಿ "ದೊಡ್ಡ ಉಪಕಾರ ಆಯ್ತು ಸಿಸ್ಟರ್" ಎಂದು ಕೈ ಮುಗಿದರು.

ನಾನು ಸ್ಪೀಕರ್ ನಿಲ್ಲಿಸಿದೆ. ಉಳಿದದ್ದನ್ನು ಕೇಳುವ ಧೈರ್ಯ ಬರಲಿಲ್ಲ. ಇಷ್ಟು ವರ್ಷದಲ್ಲಿ ಎಷ್ಟೋ ಸಾವು ನೋಡಿದ್ದೇನೆ, ಅಳು ಬಂದದ್ದು ಕಡಿಮೆ. ಅವತ್ತು ಬಂತು. ಅತ್ತು ಮುಗಿದ ಮೇಲೆ ಕಫ ಪರೀಕ್ಷೆಯ ಡಬ್ಬಿ ಎರಡನ್ನು ಚೀಲಕ್ಕೆ ಹಾಕಿಕೊಂಡು ಕೆಳಗಿಳಿದೆ.

ಬಾಗಿಲಲ್ಲಿ ಶೇಕಡಾ ಸಾಹೇಬರು ಸಿಕ್ಕರು. ಕೆಂಪಾದ ಕಣ್ಣು, ಚೀಲ ಎರಡನ್ನೂ ನೋಡಿ ಅರ್ಥ ಮಾಡಿಕೊಂಡರು. ದಡ್ಡರಲ್ಲ ಅವರು.

"ಸಿಸ್ಟರ್, ಹೋಗೋದಾದ್ರೆ ಹೋಗಿ. ಆದ್ರೆ ಏನಾದ್ರೂ ಕೇಳಿದ್ರೆ ಸಂದೇಶ ಯಂತ್ರದ್ದು ಅನ್ನಿ. ತಾಂತ್ರಿಕ ದೋಷ. ಅದು ಸುಳ್ಳೂ ಅಲ್ಲ."

ಎಷ್ಟು ಒಳ್ಳೆಯ ಮಾತು. ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಚಪ್ಪರಿಸುತ್ತಾ ಹೋದೆ. ತಾಂತ್ರಿಕ ದೋಷ. ಮಂಡಿ ನೋಯುತ್ತಿತ್ತು, ಕೂತು ಕೂತು ನಡಿಗೆ ಮರೆತುಹೋಗಿತ್ತು. ಸೈಕಲ್ ಅಂಗಡಿ ದಾಟಿ, ಬಟ್ಟೆ ಒಗೆಯುವವರ ಓಣಿ ದಾಟಿ, ಮೂರನೆಯ ತಿರುವಿನಲ್ಲಿ ಹಾಸಿಗೆ ನೇತುಹಾಕಿದ ಬಾಗಿಲು ಸಿಕ್ಕಿತು. ನಾನು ಕುರ್ಚಿಯಲ್ಲಿ ಕೂತಿದ್ದ ಜಾಗದಿಂದ ಅಲ್ಲಿಗೆ ಇಪ್ಪತ್ತು ನಿಮಿಷ.

ಹಸಿರು ಗೋಡೆಯನ್ನು ಗುರುತು ಹಿಡಿದೆ. ಅದರ ಪ್ರತಿ ಬಿರುಕೂ ನನಗೆ ಗೊತ್ತು. ಅದರ ಎದುರಿನ ಗೋಡೆಯನ್ನು ಮಾತ್ರ ಎಂದೂ ನೋಡಿರಲಿಲ್ಲ. ಅಲ್ಲೊಂದು ಗಿಡ್ಡ ಮಣೆ, ಅದರ ಪಕ್ಕ ಅರ್ಧ ಹೊಲಿದ ದಿಂಬು, ದಪ್ಪ ಸೂಜಿ, ಕೈಗೆಟಕುವ ದೂರದಲ್ಲಿ ಕೆಮ್ಮಿನ ಔಷಧದ ಖಾಲಿ ಬಾಟಲಿಗಳು, ಎಂಟೋ ಒಂಬತ್ತೋ. ನಡುವೆ ನನ್ನ ಸ್ಟ್ಯಾಂಡು ಮೂರು ಕಾಲೂರಿಕೊಂಡು ನಿಂತಿತ್ತು. ಅದು ಸರಿಯದಿರಲೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು.

ಮದುಮಗ ಪ್ರಮಾಣಪತ್ರ ಹಿಡಿದು ಮೊಳೆ ಹುಡುಕುತ್ತಿದ್ದರು. "ಅಯ್ಯೋ, ಸಿಸ್ಟರ್! ಬನ್ನಿ ಬನ್ನಿ. ಏ ಇವಳೇ, ಯಾರು ಬಂದಿದ್ದಾರೆ ನೋಡು!"

ಆಕೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಎಕ್ಸ್-ರೇ ತೆಗೆಸಿದ ದಿನ ನೋಡಿದ್ದ ಮೈಕಟ್ಟಿನ ಹೆಂಗಸಲ್ಲ. ಕುಪ್ಪಸದ ತೋಳು ತೂಗಾಡುತ್ತಿತ್ತು. ಹತ್ತಿ ಮೂಟೆಯ ಮೇಲೆ ಕೂತು ಉಸಿರು ಹಿಡಿಯಲು ಒಂದು ನಿಮಿಷ ತೆಗೆದುಕೊಂಡಳು.

"ರಾತ್ರಿ ಮೈ ಬೆವರುತ್ತಾ ಅಕ್ಕಾ?"

"ಸೀರೆ ಒದ್ದೆಯಾಗುತ್ತೆ."

"ಕಫದಲ್ಲಿ ರಕ್ತ?"

ಆಕೆ ಗಂಡನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. "ಹೋದ ತಿಂಗಳಿಂದ. ಇವರಿಗೆ ಹೇಳಿಲ್ಲ. ಚಿಕಿತ್ಸೆ ಮುಗಿಯೋ ಹೊತ್ತಿಗೆ ಇವರ ತಲೆ ಕೆಡಿಸೋದು ಬೇಡ ಅಂತ."

ಮದುಮಗನ ಕೈಯಲ್ಲಿದ್ದ ಕಾಗದ ಕೆಳಗಿಳಿಯಿತು. "ರಕ್ತಾನಾ? ಆದ್ರೆ ಸಿಸ್ಟರ್, ನೀವು..." ಎಂದು ನನ್ನ ಮುಖ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಎಲ್ಲೋ ತಮ್ಮ ತಿಳುವಳಿಕೆಯೇ ತಪ್ಪಿರಬೇಕು, ಸಿಸ್ಟರ್ ಈಗ ಬಿಡಿಸಿ ಹೇಳುತ್ತಾರೆ ಎಂಬ ನಂಬಿಕೆ ಇತ್ತು. ತಾಂತ್ರಿಕ ದೋಷ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡೆ.

"ನಾನು ನಿಮ್ಮ ವಿಡಿಯೋಗಳನ್ನ ಧ್ವನಿ ಇಲ್ಲದೆ ನೋಡ್ತಿದ್ದೆ," ಎಂದೆ. "ಸ್ಪೀಕರ್ ಬೀರೂಲಿಟ್ಟು ಬೀಗ ಹಾಕಿದ್ದೆ. ನೀವು ಇವರ ಕೆಮ್ಮಿನ ಬಗ್ಗೆ ಕೇಳಿದ್ದು ನನಗೆ ಕೇಳಿಸ್ಲೇ ಇಲ್ಲ. ಇವತ್ತು ಮಧ್ಯಾಹ್ನ ಕೇಳಿಸ್ಕೊಂಡೆ. ತಪ್ಪು ನಂದು."

ಅವರು ಪ್ರಮಾಣಪತ್ರವನ್ನು ಮಡಚಿ ಮಣೆಯ ಮೇಲಿಟ್ಟರು. ಬಯ್ಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹಾಗಾದ್ರೆ ದಿನಾ ಊಟ ಆಯ್ತಾ ಅಂತಿದ್ನಲ್ಲ ಸಿಸ್ಟರ್, ಅದು?"

"ಅದೂ ಕೇಳಿಲ್ಲ."

"ಒಂದು ದಿನವೂ?"

"ಒಂದು ದಿನವೂ ಇಲ್ಲ."

ಆಕೆಗೆ ಮತ್ತೆ ಕೆಮ್ಮು ಬಂತು. ಸೆರಗಿನಲ್ಲಿ ಬಾಯಿ ಒತ್ತಿಕೊಂಡು, ಅದು ಇಳಿಯುವವರೆಗೆ ಕಾದು, ಗಂಡನ ಕಡೆ ತಿರುಗಿದಳು. ಮನೆಯಲ್ಲಿ ಬಹಳ ದಿನದಿಂದ ನಡೆಯುತ್ತಿದ್ದ ಒಂದು ವಾದವನ್ನು ಗೆದ್ದವಳ ದನಿ ಅದು, ಗೆದ್ದ ಖುಷಿ ಮಾತ್ರ ಇರಲಿಲ್ಲ.

"ನಾನು ಹೇಳ್ಲಿಲ್ವೇನ್ರೀ? ಆ ಕಡೆ ಯಾರೂ ಇಲ್ಲ, ಸುಮ್ಮನೆ ಮಾತಾಡ್ತೀರಿ ಅಂತ."

"ಇದ್ದೆ ಅಕ್ಕಾ," ಎಂದೆ. "ನಾನಿದ್ದೆ."

ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಾನು ಚೀಲದಿಂದ ತೆಗೆದು ಹಿಡಿದ ಕಫದ ಡಬ್ಬಿಯನ್ನು ತೆಗೆದುಕೊಂಡು, ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದಳು.